ಹೊಗೆ ನಿಂತ ಮಿಲ್ಲಿನ ‘ತುರ್ತಾಗಿ ಬೇಕಾಗಿದ್ದಾರೆ’ ಪ್ರಕಟಣೆಗೆ

ಮಾನ್ಯ ಪ್ರಕಟಣೆಯವರೇ,

ಪ್ರತಿ ಸೋಮವಾರ ನಾನು ಹಾಲು ಕಾಸುವ ಹೊತ್ತಿಗೆ ‘ಇದೀಗ ಬಂದ ಹೊಸ ಉದ್ಯೋಗ’ ಎಂದು ಮೊಬೈಲಿನಲ್ಲಿ ದಯಮಾಡಿಸುವ ತಮಗೆ ಸಿಂಧನೂರಿನಿಂದ ಗೌರವದ ನಮಸ್ಕಾರಗಳು. ನಮ್ಮ ಮನೆಯ ಹಿಂದಿನ ರೈಸ್ ಮಿಲ್ಲಿನಲ್ಲಿ, ಕಾವಲಿನ ಅಂಬಪ್ಪನನ್ನು ಬಿಟ್ಟರೆ, ತಪ್ಪದೆ ಕೆಲಸಕ್ಕೆ ಬರುವವರು ತಾವೊಬ್ಬರೇ ಆದ್ದರಿಂದ ಈ ಪತ್ರವನ್ನು ತಮಗೇ ಬರೆಯುತ್ತಿದ್ದೇನೆ.

ತಾವು ತುಂಬಲು ಹೊರಟಿರುವ ಗುಮಾಸ್ತರ ಕುರ್ಚಿಯಲ್ಲಿ ಕಳೆದ ದೀಪಾವಳಿಯವರೆಗೆ ನಾನೇ ಕೂತಿದ್ದೆ. ವ್ಯಾಪಾರ ಬಿದ್ದಿದೆ, ಸ್ವಲ್ಪ ದಿನ ಮನೆಯಲ್ಲಿರಿ ಎಂದು ಮಿಲ್ಲಿನ ಮಾಲೀಕ ಸಂಗನಬಸವ ಸಾಹುಕಾರರು ಚಹಾ ಕುಡಿಸಿ ಕಳಿಸಿದ ಮರುವಾರವೇ ತಾವು ಪ್ರತ್ಯಕ್ಷರಾಗಿ, ಆ ಕೆಲಸಕ್ಕೆ ನಾನು ಬಹಳ ತಕ್ಕವಳೆಂದು ನನಗೇ ತಿಳಿಸಿದಿರಿ. ಕೂಡಲೇ ಅರ್ಜಿ ಹಾಕಿದೆ. ಅದು ಇಂದಿಗೂ ‘ಪರಿಶೀಲನೆಯಲ್ಲಿದೆ’. ಮನೆ ನಡೆಯಬೇಕಾದದ್ದು ಆ ಕುರ್ಚಿಯಿಂದಲೇ ಆದ್ದರಿಂದ ನಾನು ತಮ್ಮ ಹಾದಿಯನ್ನು, ಒಳ್ಳೆಯ ಕವಿತೆಯ ಮುಂದಿನ ಸಾಲಿಗೆ ಕಾಯುವಂತೆ, ಕಾಯುತ್ತಾ ಬಂದಿದ್ದೇನೆ.

ತಮ್ಮ ಬೆಳವಣಿಗೆಯೂ ಮೆಚ್ಚತಕ್ಕದ್ದು. ಮೊದಲು ಲೆಕ್ಕ ಬರೆಯಲು ಬಂದರೆ ಸಾಕಿತ್ತು. ಸಂಕ್ರಾಂತಿಗೆ ಲಾರಿ ತೂಕದ ಕಾಟಾ, ಜಿಎಸ್‌ಟಿ ಮತ್ತು ತೆಲುಗು ಸೇರಿದವು. ಯುಗಾದಿಗೆ ಸಂಬಳದ ಸಾಲು ಮಾಯವಾಗಿ ಅಲ್ಲಿ ‘ಮನೆಯಂಥ ವಾತಾವರಣ’ ಬಂತು. ಈಗ ಸ್ವಂತ ಬೈಕು ಮತ್ತು ಸದಾ ನಗುಮುಖ ಬೇಕಂತೆ. ಮಸ್ಕಿಯ ಬಟ್ಟೆ ಅಂಗಡಿಯೊಂದರ ಪ್ರಕಟಣೆಯೂ ತಮ್ಮನ್ನು ನೋಡಿ ನಗುಮುಖವನ್ನು ಸೇರಿಸಿಕೊಂಡಿದೆ.

ಹಿಂದೆ ಮಿಲ್ಲು ನಡೆದಿದೆಯೋ ಇಲ್ಲವೋ ಎಂದು ಚಿಮಣಿ ನೋಡಿ ಹೇಳುತ್ತಿದ್ದೆವು. ಒಣಗಹಾಕಿದ ಸೀರೆಯ ಮೇಲೆ ಭತ್ತದ ಹೊಟ್ಟಿನ ಬೂದಿ ಬಿದ್ದರೆ ನಮಗೆ ಕೆಲಸವಿದೆ ಎಂದರ್ಥ. ತಾವು ಬಂದ ಮೇಲೆ ನಮ್ಮ ಸೀರೆಗಳು ಬಹಳ ಸ್ವಚ್ಛವಾಗಿವೆ.

ಹೋದ ವಾರ ಲಿಂಗಸುಗೂರಿನಿಂದ ವೀರಭದ್ರಮ್ಮ ಎಂಬುವರು ಬಂದಿದ್ದರು. ಸಾಹುಕಾರರ ಮಗನಿಗೆ ಮಗಳನ್ನು ಕೊಡುವ ಮುಂಚೆ ಓಣಿಯಲ್ಲಿ ಮನೆತನ ವಿಚಾರಿಸಲು ಬಂದವರು, ಚಿಮಣಿಯತ್ತ ಕತ್ತೆತ್ತಿ ‘ಹೊಗಿ ಯಾಕ ಕಾಣವಲ್ದಪಾ?’ ಎಂದರು. ಅಂಬಪ್ಪ ಗೇಟಿನಿಂದಲೇ, ‘ಈಗೆಲ್ಲಾ ಆನ್‌ಲೈನ್ ರೀ ಯವ್ವಾ. ವಾರಾ ವಾರಾ ಮಂದಿ ಬೇಕಂತ ಹಾಕಾಕತ್ತಾರ, ಮಿಲ್ಲು ನಡೀದಿದ್ರ ಹಾಕ್ತಿದ್ರೇನ್ರಿ?’ ಎಂದು ತಮ್ಮನ್ನು ಮೊಬೈಲಿನಲ್ಲಿ ತೋರಿಸಿದ. ಆ ತಾಯಿ ಓದಿ, ಸಮಾಧಾನಪಟ್ಟು ಬಸ್ಸು ಹತ್ತಿದರು. ತಾವು ಹುಡುಕುತ್ತಿರುವುದು ಗುಮಾಸ್ತರನ್ನಲ್ಲ, ಸೊಸೆಯನ್ನು ಎಂದು ಎಂ.ಎ. ಓದಿದ ನನಗೆ ಹೊಳೆದದ್ದು ಆಗ.

ಆದ್ದರಿಂದ ನನ್ನ ಬಿನ್ನಹ ಇಷ್ಟೇ: ಮುಂದಿನ ಸೋಮವಾರ ತಾವು ಖುದ್ದಾಗಿ ಚಿಮಣಿ ಏರಿ ಒಂದಿಷ್ಟು ಹೊಗೆ ಬಿಡಬೇಕು. ಅದು ಅಸಾಧ್ಯವಾದರೆ ನನ್ನ ಕುರ್ಚಿಯಲ್ಲಿ ತಾವೇ ಕೂತು, ನನಗೆ ತಮ್ಮ ಕೆಲಸವನ್ನಾದರೂ ಕೊಡಿಸಬೇಕು. ವಾರಕ್ಕೊಮ್ಮೆ ಹೊಸದಾಗಿ ಕಾಣಿಸಿಕೊಳ್ಳುವುದನ್ನು ನಾನು ಕಲಿತುಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ, ಇನ್ನೂ ಪರಿಶೀಲನೆಯಲ್ಲಿರುವ
ಪದ್ಮಾವತಿ

ತಾ.ಕ.: ಹೋಗುವಾಗ ನನ್ನ ನಂಬರು ಬರೆದುಕೊಂಡಿದ್ದ ವೀರಭದ್ರಮ್ಮನವರು ನಿನ್ನೆ ಫೋನ್ ಮಾಡಿದ್ದರು. ಎಂ.ಕಾಂ. ಓದಿದ ಅವರ ಮಗಳು ಶಿವಕುಮಾರಿ, ತಾಯಿ ತೋರಿಸಿದ ಪ್ರಕಟಣೆ ನೋಡಿ, ತಾನೇ ಅರ್ಜಿ ಹಾಕಿದ್ದಾಳಂತೆ. ‘ಮೊದ್ಲ ಕೆಲಸಕ್ಕ ಕರೀಲಿ, ಆಮ್ಯಾಲ ಮದಿವಿಗೆ ಕರೀಲಿ’ ಎಂದು ಕೂತಿದ್ದಾಳೆ. ಹೀಗಾಗಿ ತಾವು ಜೀವಮಾನದಲ್ಲಿ ಮೊದಲ ಬಾರಿಗೆ ಯಾರಿಗಾದರೂ ಉತ್ತರ ಕೊಡಲೇಬೇಕಾಗಿ ಬಂದಿದೆ. ಕೊಡುವಾಗ ಸರದಿ ತಪ್ಪಿಸಬೇಡಿ. ನನ್ನ ಅರ್ಜಿ ಆಕೆಯದಕ್ಕಿಂತ ಮೊದಲಿನದು.