ಕತ್ತೆಯ ಎದುರು ಕೂತ ಆಮೆ

ಸಾಲಿ ಮಾಸ್ತರನ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗುವಾಗ ಬೆವರು, ಹತ್ತು ವರ್ಷ ಬಿಟ್ಟು ನೆನೆದರೆ ನಗು. ನನ್ನ ಹೊಟ್ಟೆಪಾಡಿಗೆ ಕುತ್ತು ತಂದದ್ದು ಮಾತ್ರ ಮನುಷ್ಯರಲ್ಲ, ಮಕ್ಕಳ ಚಿತ್ರದ ಪುಸ್ತಕದೊಳಗಿನ ಒಂದು ಆಮೆ. ಬಣ್ಣದ ಆಮೆ, ಅಂಗೈಯಗಲದ್ದು. ಅದನ್ನು ನೆನೆದರೆ ಇವತ್ತಿಗೂ ಅಂಗೈ ಬೆವರುತ್ತದೆ.

ಆಗ ಇನ್ನೂ ಬ್ರಿಟಿಷರ ಕಾಲ. ನನ್ನೂರು ಹುಕ್ಕೇರಿ ಕಡೆಯ ಘೋಡಗೇರಿ. ಮಾಸ್ತರಕಿ ಮಾಡುತ್ತಿದ್ದದ್ದು ಮೂಡಲಗಿಯಿಂದ ಒಂದು ತಾಸು ನಡೆಯುವಷ್ಟು ದೂರದ ಹಳ್ಳಿಯಲ್ಲಿ. ಇಡೀ ಸಾಲಿಗೆ ನಾನೊಬ್ಬನೇ ಮಾಸ್ತರ, ಅದೂ ಹಂಗಾಮಿ. ಎರಡು ಸಲ ನನ್ನನ್ನು ಕಾಯಂ ಮಾಡುವ ಮಾತು ಬಂದು ಬಿದ್ದುಹೋಗಿತ್ತು. ಮೂರನೇ ಸಲವೂ ಬಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗಿ ಅಣ್ಣನ ಕೈಕೆಳಗೆ ನೇಗಿಲು ಹಿಡಿಯಬೇಕು. ನನಗೆ ನೇಗಿಲು ಹಿಡಿಯಲು ಬಾರದು ಎಂಬುದು ನನಗೂ ಗೊತ್ತಿತ್ತು, ನಮ್ಮ ಎತ್ತುಗಳಿಗೂ ಗೊತ್ತಿತ್ತು.

೧. ಪುಸ್ತಕ ಕೂತಿತು, ನಾನು ನಿಂತೆ

ಸಾಲಿ ತಪಾಸಣೆ ಮಾಡುವ ಸಾಹೇಬರು ಒಂದು ದಿನ ಗೋಕಾಕಕ್ಕೆ ಕರೆಸಿ ಒಂದು ದೊಡ್ಡ ಪುಸ್ತಕವನ್ನು ಕೈಗಿಟ್ಟರು. ಒಳಗೆ ಒಂದಕ್ಷರವೂ ಇಲ್ಲ. ಪುಟಕ್ಕೊಂದು ಪ್ರಾಣಿ, ಬಣ್ಣ ಹಾಕಿದ್ದು.

"ಬಾಯಿಪಾಠ ಸಾಕ ಮಾಸ್ತರ," ಎಂದರು. "ಹುಡುಗ್ರು ಚಿತ್ರಾ ನೋಡಬೇಕು, ತಮಗ ತಿಳದದ್ದು ಮಾತಾಡಬೇಕು. ಇದು ಹೊಸಾ ಪದ್ಧತಿ. ಮೂರು ತಿಂಗಳಿಗೆ ನಾನೇ ಬರತೇನಿ. ಈ ಪುಸ್ತಕಾ ತಗದು ಕೇಳತೇನಿ. ಹುಡುಗ್ರು ಬಾಯಿ ಬಿಟ್ರ ನೀವು ಕಾಯಂ. ಬಿಡಲಿಲ್ಲಂದ್ರ ನಿಮ್ಮ ಊರಿನ ಹಾದಿ ನಿಮಗ ಗೊತ್ತೈತಿ."

"ಹೂಂನ್ರಿ ಸಾಹೇಬ್ರ."

"ಮತ್ತ ಇದು ಸರಕಾರದ ಪುಸ್ತಕ. ಒಂದ ಕಲಿ ಬೀಳಬಾರದು."

ಕಲೆ ಬೀಳಬಾರದು ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೂಡಲಗಿಗೆ ಹೋಗುವ ಸರ್ವಿಸ್ ಮೋಟಾರಿನಲ್ಲಿ ನನಗೊಂದು ಜಾಗ ಸಿಕ್ಕಿತ್ತು. ಒಂದು ಬಾಜೂಕ್ಕೆ ಎಣ್ಣೆ ಗಡಿಗೆ ಹಿಡಿದ ಅಜ್ಜಿ, ಇನ್ನೊಂದು ಬಾಜೂಕ್ಕೆ ಎಲೆ ಅಡಿಕೆ ಜಗಿಯುವ ಯಜಮಾನ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರೆ ಯಾವ ಕಡೆಯಿಂದ ಗಂಡಾಂತರ ಬರುವುದೋ ಹೇಳುವಂತಿರಲಿಲ್ಲ. ಕೊನೆಗೆ ಧೋತರದಲ್ಲಿ ಸುತ್ತಿದ ಪುಸ್ತಕವನ್ನು ನನ್ನ ಜಾಗದಲ್ಲಿ ಒರಗಿಸಿ, ನಾನು ಅದಕ್ಕೆ ಅಡ್ಡವಾಗಿ ಇಬ್ಬರ ಕಡೆಗೂ ಕಣ್ಣಿಟ್ಟು ನಿಂತೆ. ಕಂಡಕ್ಟರ ಬಂದು ಧೋತರದ ಗಂಟನ್ನು ನೋಡಿದ, ನನ್ನನ್ನು ನೋಡಿದ.

"ಕೂಸಿಗೆ ಅರ್ಧಾ ಟಿಕೀಟ ಆಗತೈತ್ರಿ ಮಾಸ್ತರ," ಎಂದ.

೨. ಓಡದ ಪ್ರಾಣಿ

ಮರುದಿನ ಕೈಕಾಲು ತೊಳೆಸಿ ಮಕ್ಕಳನ್ನು ಸುತ್ತ ಕೂಡ್ರಿಸಿ ಪುಸ್ತಕ ತೆರೆದೆ. ಆಕಳು ಬಂತು. ಒಬ್ಬ, "ಇದರ ಕೋಡು ಸುಮಾರರಿ, ನಮ್ಮದು ಚಲೋ ಐತ್ರಿ," ಎಂದ. ಆಡು ಬಂತು. ಕುರಿಗಾರರ ಮನೆಯ ಹುಡುಗಿಯೊಬ್ಬಳು ಮುಂದೆ ಕೂಡುತ್ತಿದ್ದಳು. ಬಲು ಮಾತುಗಾತಿ. ಆಡಿನ ವಯಸ್ಸು ಇಷ್ಟು, ಅದಕ್ಕೆ ಹೊಟ್ಟೆ ಉಬ್ಬರಿಸಿದೆ, ಇಂಥ ಸೊಪ್ಪು ತಿನ್ನಿಸಿರಿ ಎಂದು ಔಷಧದವರೆಗೆ ಹೇಳಿದಳು. ನನಗೆ ಹಿಗ್ಗೋ ಹಿಗ್ಗು. ಕಾಯಂ ಆದ ಹಾಗೆಯೇ ಅಂದುಕೊಂಡೆ.

ಆಮೇಲೆ ಆಮೆಯ ಪುಟ ತಿರುವಿದೆ. ಮೇಲಿನಿಂದ ಕಂಡ ಹಾಗೆ ಬರೆದ ಚಿತ್ರ. ನಾಲ್ಕು ಕಾಲು ಚಾಚಿ, ತಲೆ ಮುಂದೆ ಮಾಡಿ ನೆಲಕ್ಕೆ ಅಂಟಿಕೊಂಡು ಕೂತಿತ್ತು. ಕುರಿಗಾರರ ಹುಡುಗಿ ಎದ್ದು ಬಂದು ಆಮೆಯ ಬೆನ್ನನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವಳ ಹಿಂದೆ ಇನ್ನೊಬ್ಬ. ನೋಡನೋಡುತ್ತ ಇಡೀ ಸಾಲಿ ಸಾಲುಗಟ್ಟಿ ಬಂದು ಮುಟ್ಟಿ ಕಣ್ಣಿಗೊತ್ತಿ ಹೋಗಿ ಕೂತಿತು. ಮೂವತ್ತು ಬೆರಳು ಸರಕಾರದ ಆಮೆಯ ಮೇಲೆ ಬಿದ್ದವು.

ಆಗ ನನಗೆ ಹೊಳೆಯಿತು. ಆ ಊರಿನಿಂದ ಹೊಳೆ ದೂರ. ಜೀವಂತ ಆಮೆಯನ್ನು ಯಾರೂ ಕಂಡವರಲ್ಲ. ಅವರಿಗೆ ಗೊತ್ತಿದ್ದದ್ದು ಈಶ್ವರನ ಗುಡಿಯಲ್ಲಿ ಬಸವಣ್ಣನ ಮುಂದೆ, ದೇವರ ಕಡೆ ಮೂತಿ ಮಾಡಿ, ನೆಲದಲ್ಲಿ ಕೆತ್ತಿದ ಕಲ್ಲಿನ ಆಮೆ. ಅದನ್ನು ಮುಟ್ಟಿ ನಮಸ್ಕಾರ ಮಾಡಿಯೇ ದೇವರ ಮುಖ ನೋಡಬೇಕು. ಹುಟ್ಟಿದಾಗಿನಿಂದ ಬಂದ ರೂಢಿ.

ನಾನು ಬಿಡದೆ ಕೇಳಿದೆ, "ಇದು ಎಲ್ಲಿರತೈತಿ?"

"ಗುಡ್ಯಾಗರಿ."

"ಏನು ತಿಂತೈತಿ?"

"ಏನೂ ಇಲ್ಲರಿ. ಸೋಮವಾರ ಕುಂಕುಮಾ ಹಚ್ಚತಾರ್ರಿ."

"ಎಷ್ಟು ಜೋರ ನಡೀತೈತಿ?"

ಹುಡುಗಿ ನನ್ನ ಕಡೆ ಕನಿಕರದಿಂದ ನೋಡಿದಳು. "ನಡಿಯಂಗಿಲ್ರಿ ಮಾಸ್ತರ. ನಮ್ಮ ಮುತ್ಯಾ ಸಣ್ಣಾಂವ ಇದ್ದಾಗಿಂದ ಅಲ್ಲೇ ಐತ್ರಿ."

೩. ಸಾಲಿಗೆ ಹಚ್ಚಿದ ಆಮೆ

ಸಾಹೇಬರ ಮುಂದೆ ಈ ಉತ್ತರ ಬಂದರೆ ನನ್ನ ಗತಿ ಮುಗಿಯಿತು. ಅದಕ್ಕೆ ರವಿವಾರ ಗೋಕಾಕಕ್ಕೆ ಹೋಗಿ ಘಟಪ್ರಭೆಯ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬ ಅಂಬಿಗನನ್ನು ಒಂದು ಆಮೆ ಬೇಕೆಂದು ಕೇಳಿಕೊಂಡೆ.

"ತಿನ್ನಾಕೇನ್ರಿ?" ಎಂದ.

"ಛೇ, ಸಾಲಿಗೆ."

"ಯಾಕ್ರಿ, ಹುಡುಗ್ರು ಸಾಕಾಗಲಿಲ್ಲೇನ್ರಿ, ಇದನ್ನೂ ಸಾಲಿಗೆ ಹಚ್ಚತೀರಿ?"

ಆಮೆಯನ್ನು ಒದ್ದೆ ಗೋಣಿಚೀಲದಲ್ಲಿ ಹಾಕಿ ತಂದೆ. ಸೋಮವಾರ ಮಕ್ಕಳ ನಡುವೆ ಚೀಲ ಬಿಚ್ಚಿದೆ. ಆಮೆ ಮೊದಲು ಕಲ್ಲಿನಂತೆಯೇ ಬಿದ್ದಿತ್ತು. ಮಕ್ಕಳು ಕೈಮುಗಿದು ಕೂತರು. ಸ್ವಲ್ಪ ಹೊತ್ತಿಗೆ ತಲೆ ಹೊರಗೆ ಬಂತು, ಕಾಲು ಬಂದವು, ಆಮೆ ಒಂದು ಹೆಜ್ಜೆ ಇಟ್ಟಿತು. ಅಷ್ಟೇ. ಸಾಲಿಯಲ್ಲಿ ಉಳಿದದ್ದು ನಾನು ಮತ್ತು ಆಮೆ. ಹೊರಗೆ ಓಣಿ ತುಂಬ ಒಂದೇ ಕೂಗು, ಗುಡಿಯ ಆಮೆ ಎದ್ದು ನಡೆದುಕೊಂಡು ಸಾಲಿಗೆ ಬಂದಿದೆ ಎಂದು.

ಊರಿಗೆ ಊರೇ ಮೈಮೇಲೆ ಬಂದರೆ ಸಾಹೇಬರು ಬರುವವರೆಗೆ ನಾನು ಉಳಿಯುವ ಮಾತೇ ಇಲ್ಲ. ಆದರೆ ಹಿರಿಯರು ಸಾಲಿಗೆ ಬರಲಿಲ್ಲ, ಮೊದಲು ಗುಡಿಗೆ ಓಡಿದರು. ಗುಡಿಯ ಪೂಜಾರಿ ಅಜ್ಜ ಹಣತೆ ಹಿಡಿದು ಬಗ್ಗಿ, ಕಲ್ಲಿನ ಆಮೆ ತನ್ನ ಜಾಗದಲ್ಲಿಯೇ ಇದೆ ಎಂದು ಕೈಯಿಟ್ಟು ನೋಡಿ ಖಾತ್ರಿ ಮಾಡಿಕೊಂಡ. ಆಮೇಲೆ ಎಲ್ಲರೂ ಸಾಲಿಗೆ ಬಂದರು. ನಾನು ಗೋಕಾಕದ ಹೊಳೆಯಿಂದ ತಂದದ್ದೆಂದು ಹೇಳಿ ಹೇಳಿ ಗಂಟಲು ಒಣಗಿತು. ಅಜ್ಜ ಎಲ್ಲವನ್ನೂ ಶಾಂತವಾಗಿ ಕೇಳಿದ.

"ಆತು ಬಿಡ್ರಿ. ಅದರ ತಮ್ಮ ಇರಬೇಕು, ಭೆಟ್ಟಿಗೆ ಬಂದೈತಿ," ಎಂದು ಆಮೆಯನ್ನು ಎತ್ತಿಕೊಂಡು ಹೋಗಿ ಗುಡಿಯ ಬಾವಿಗೆ ಬಿಟ್ಟ.

ಮರುದಿನ ಪಾಠ ಮುಟ್ಟಿತೋ ಇಲ್ಲವೋ ನೋಡೋಣವೆಂದು ಕೇಳಿದೆ, "ನಿನ್ನೆ ನೋಡಿದ್ದು ಏನು?"

"ಅದು ಖರೇ ಆಮಿ ಅಲ್ಲರಿ," ಎಂದಳು ಕುರಿಗಾರರ ಹುಡುಗಿ. "ಖರೇದು ಅಲಗಾಡಂಗಿಲ್ರಿ."

೪. ಎದುರಿಗೆ ಯಾರು?

ಇಷ್ಟಕ್ಕೇ ನಿಂತಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಸಾಹೇಬರು ಬರಲು ಎಂಟು ದಿನ ಉಳಿದಾಗ ಪೂಜಾರಿ ಅಜ್ಜ ಪುಸ್ತಕ ನೋಡಬೇಕೆಂದು ಸಾಲಿಗೆ ಬಂದ. ಆಮೆಯ ಪುಟ ತೆಗೆದು ತೋರಿಸಿದೆ. ಮುಟ್ಟಿ ನಮಸ್ಕಾರ ಮಾಡಿದ. ಆಮೇಲೆ, ಆಮೆಯ ಮೂತಿ ಯಾವ ಕಡೆಗಿದೆಯೋ ಆ ಕಡೆ, ಎದುರಿನ ಪುಟಕ್ಕೆ, ದೇವರನ್ನು ನೋಡಲೆಂದು ಕಣ್ಣೆತ್ತಿದ.

ಎದುರಿನ ಪುಟದಲ್ಲಿ ಕತ್ತೆ ಇತ್ತು.

ಅಜ್ಜ ಬಗ್ಗಿ ಕತ್ತೆಯನ್ನು ಕಿವಿಯಿಂದ ಬಾಲದವರೆಗೆ ನೋಡಿದ. ಆಮೇಲೆ, "ಮಾಸ್ತರ, ಹುಡುಗ್ರು ಎರಡೂವರಿ ತಿಂಗಳಿಂದ ಯಾರಿಗೆ ಕೈ ಮುಗ್ಯಾಕತ್ತಾರ?" ಎಂದ.

ನಾನು ಇದು ಪ್ರಾಣಿಗಳ ಪುಸ್ತಕ, ಬರೆದವರಿಗೆ ನಮ್ಮ ಗುಡಿಯ ವ್ಯವಸ್ಥೆ ಗೊತ್ತಿಲ್ಲ ಎಂದೆ. "ಗೊತ್ತಿಲ್ಲದಾವ್ರು ಆಮಿ ಯಾಕ ಬರದ್ರು?" ಎಂದ. ಪುಸ್ತಕವನ್ನು ತಿರುಗಿಸಿ ಹಿಡಿಯುತ್ತೇನೆ ಎಂದೆ. ಹೇಗೆ ತಿರುಗಿಸಿದರೂ ಕತ್ತೆಯೂ ಜೊತೆಗೇ ತಿರುಗಿತು. ಆ ಪುಟ ತೆಗೆಯುವುದೇ ಇಲ್ಲ ಎಂದೆ. ಮುಚ್ಚಿದರೆ ಕತ್ತೆ ಆಮೆಯ ಮೇಲೆಯೇ ಬಂದು ಬೀಳುತ್ತದಲ್ಲ ಎಂದು ಅಜ್ಜ ಪುಸ್ತಕ ಮುಚ್ಚಿ ತೋರಿಸಿದ. ಊರಿನವರು ಮಕ್ಕಳನ್ನು ಸಾಲಿಗೆ ಕಳಿಸುವುದಿಲ್ಲ ಎಂಬ ಮಾತು ಸಂಜೆಗೇ ಬಂತು. ಮಕ್ಕಳಿಲ್ಲದ ಸಾಲಿಗೆ ಸಾಹೇಬರು ಬಂದು ಯಾರ ಬಾಯಿ ಬಿಡಿಸಬೇಕು? ಕತ್ತೆಯನ್ನು ಮುಚ್ಚಿ ಅಲ್ಲಿ ದೇವರನ್ನು ಅಂಟಿಸೋಣ ಎಂದು ಅಜ್ಜ ಹೇಳಿದ್ದಕ್ಕೆ ನಾನು ಒಪ್ಪಿಕೊಂಡೆ. ಅದೊಂದು ತಪ್ಪು ನನ್ನದು.

ಬಟ್ಟೆಯ ಥಾನಿನ ಮೇಲೆ ಅಂಟಿಸಿ ಬರುವ ಬಣ್ಣದ ಚಿತ್ರಗಳನ್ನು ಆಗ ಎಲ್ಲರೂ ಗೋಡೆಗೆ ಹಚ್ಚಿಕೊಳ್ಳುತ್ತಿದ್ದರು. ಅಂಥದೊಂದು ಶಿವ ಪಾರ್ವತಿಯ ಚಿತ್ರವನ್ನು ಅಜ್ಜ ತಂದು, ಗಂಜಿ ಸವರಿ ಕತ್ತೆಯ ಮೇಲೆ ಅಂಟಿಸಿ ಅಂಗೈಯಿಂದ ಒತ್ತಿದ. ನಾನು ಮುಖ ತಿರುಗಿಸಿಕೊಂಡು ನಿಂತಿದ್ದೆ. ಸರಕಾರದ ಪುಸ್ತಕ.

ಶನಿವಾರ ತಡೆಯಲಾಗದೆ ಸಾಲಿಯ ಬಾಗಿಲು ಹಾಕಿಕೊಂಡು, ಸಾಹೇಬರು ಬಂದು ಹೋಗುವವರೆಗಾದರೂ ಚಿತ್ರ ಕಿತ್ತಿಡೋಣವೆಂದು ಮೆಲ್ಲಗೆ ಮೂಲೆ ಎಬ್ಬಿಸಿದೆ. ಚಿತ್ರದ ಸಂಗಡ ಕತ್ತೆಯ ಒಂದು ಕಿವಿ ಎದ್ದು ಬಂತು. ಇದ್ದಹಾಗೆಯೇ ಮತ್ತೆ ಒತ್ತಿ ಅಂಟಿಸಿಬಿಟ್ಟೆ. ಕಿಟಕಿಯಲ್ಲಿ ಕುರಿಗಾರರ ಹುಡುಗಿ ನಿಂತಿದ್ದಳು.

ಸುದ್ದಿ ಗುಡಿಗೂ ಮುಟ್ಟಿತು. ಅಜ್ಜ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ಅಂಜಬ್ಯಾಡ್ರಿ ಮಾಸ್ತರ. ಕತ್ತಿಗೆ ಏನೂ ಆಗಿಲ್ಲ. ಒಳಗ ಬೆಚ್ಚಗ ಐತಿ."

೫. ತಪಾಸಣೆ

ಸೋಮವಾರ ಸಾಹೇಬರ ಟಾಂಗಾ ಬಂತು. ಕೋಟು, ರುಮಾಲು, ಮೂಗಿನ ಮೇಲೆ ಚಾಳೀಸು. ಊರಿನ ಹಿರಿಯರೆಲ್ಲ ಸಾಲಿಯ ಕಟ್ಟೆಯ ಮೇಲೆ ಬಂದು ಕೂತಿದ್ದರು. ನಾನು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಬೆಳಿಗ್ಗೆಯೇ ಟ್ರಂಕಿಗೆ ಬಟ್ಟೆ ತುಂಬಿ ಸಾಲಿಯ ಮೂಲೆಯಲ್ಲಿ ಇಟ್ಟಿದ್ದೆ.

ಸಾಹೇಬರು ನೆಲದ ಮೇಲೆ ಜಮಖಾನೆಯಲ್ಲಿ ಕೂತು ಪುಸ್ತಕ ತೆರೆದರು. ಆಕಳು ತೋರಿಸಿದರು. ಮಕ್ಕಳು ಚೆನ್ನಾಗಿ ಹೇಳಿದರು. ಆಡು ತೋರಿಸಿದರು, ಇನ್ನೂ ಚೆನ್ನಾಗಿ ಹೇಳಿದರು. ಸಾಹೇಬರು ನನ್ನ ಕಡೆ ನೋಡಿ ಮೆಚ್ಚಿ ತಲೆದೂಗಿದರು. ಇಲ್ಲಿಗೆ ಮುಚ್ಚಲಿ ದೇವರೇ ಎಂದು ಬೇಡಿಕೊಂಡೆ. ಅವರು ಮುಚ್ಚಲಿಲ್ಲ. ಆನೆ, ಒಂಟೆ, ಕುದುರೆ. ಆಮೇಲೆ ಆ ಪುಟ.

ಬಲಗಡೆ ಆಮೆ. ಎಡಗಡೆ ಶಿವ ಪಾರ್ವತಿ. ಸಾಹೇಬರು ಬಲಗಡೆ ನೋಡಿದರು, ಎಡಗಡೆ ನೋಡಿದರು. ಅವರಾದರೂ ಇದೇ ಸೀಮೆಯವರು, ಎಷ್ಟು ಗುಡಿಗಳ ಹೊಸ್ತಿಲು ದಾಟಿದವರೋ. ಅವರ ಬಲಗೈ ತಾನಾಗಿಯೇ ಮುಂದೆ ಹೋಯಿತು. ಆಮೆಯ ಬೆನ್ನು ಮುಟ್ಟಿತು, ಎರಡೂ ಕಣ್ಣಿಗೆ ಒತ್ತಿತು. ಆಮೇಲೆ ಎಡಪುಟಕ್ಕೆ ಕಣ್ಣುಮುಚ್ಚಿ ಕೈಮುಗಿದರು.

ಕಣ್ಣು ತೆರೆದಾಗ ತಾವು ಸಾಲಿಯಲ್ಲಿ ಕೂತಿದ್ದೇವೆ ಎಂಬುದು ನೆನಪಾಯಿತೆಂದು ಕಾಣುತ್ತದೆ. ಕೆಮ್ಮಿದರು. ಚಾಳೀಸು ಸರಿಮಾಡಿಕೊಂಡರು.

"ಈ ಪುಸ್ತಕದಾಗ ದೇವರು ಇರಲಿಲ್ಲಲ್ಲ," ಎಂದರು. "ಇಲ್ಲಿ ಏನಿತ್ತು?"

ಮೂರು ತಿಂಗಳಿಂದ ಮಕ್ಕಳು ಬಾಯಿ ಬಿಡಲಿ ಎಂದು ಹಗಲಿರುಳು ಒದ್ದಾಡಿದ ನಾನು, ಇದೊಂದು ಸಲ ಬಿಡದಿರಲಿ ಎಂದು ಕುರಿಗಾರರ ಹುಡುಗಿಯ ಕಡೆ ದೀನನಾಗಿ ನೋಡಿದೆ. ಅವಳು ಎದ್ದು ನಿಂತಳು.

"ಕತ್ತಿ ಇತ್ತರಿ."

"ಎಲ್ಲಿ ಹೋತು?"

"ಎಲ್ಲೂ ಹೋಗಿಲ್ಲರಿ, ಅಲ್ಲೇ ಐತ್ರಿ. ನೀವು ಈಗ ಕೈ ಮುಗದ್ರಲ್ರಿ, ಅದರ ಹಿಂದ ನಿಂತೈತ್ರಿ. ಬೂದಿ ಬಣ್ಣದ್ದರಿ. ಹೊಟ್ಟಿ ಬೆಳ್ಳಗೈತ್ರಿ. ವಯಸ್ಸು ನಾಕು ಇರಬೇಕ್ರಿ. ಒಂದು ಕಿವಿ ಮಾಸ್ತರು ಹರದಾರ್ರಿ."

ಹೊಸ ಪದ್ಧತಿಯ ಪ್ರಕಾರ ಅದಕ್ಕಿಂತ ಒಳ್ಳೆಯ ಉತ್ತರ ಇರಲಾರದು. ಸಾಹೇಬರ ಮುಖ ಕೆಂಪಾಯಿತು. ಕಟ್ಟೆಯ ಮೇಲಿನ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡದೆ ಬೇರೆ ಬೇರೆ ಕಡೆ ನೋಡುತ್ತಿದ್ದರು. ಸಾಹೇಬರು ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು, "ಇದು ಯಾರ್ಯಾರಿಗೆ ಗೊತ್ತೈತಿ?"

"ಊರಿಗೆಲ್ಲಾ ಗೊತ್ತೈತ್ರಿ ಸಾಹೇಬ್ರ," ಎಂದೆ. ಸುಳ್ಳು ಹೇಳುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

ಅಷ್ಟರಲ್ಲಿ ಮಕ್ಕಳು ಎದ್ದು ಬಂದು ಸಾಹೇಬರ ಮುಂದೆ ಸಾಲಾಗಿ ನಿಂತು ಬಲ ಅಂಗೈ ಚಾಚಿದರು. ದೇವರ ಹತ್ತಿರ ಕೂತವರು ನಮಸ್ಕಾರ ಮುಗಿದ ಮೇಲೆ ಪ್ರಸಾದ ಕೊಡಬೇಕಲ್ಲ. ಸಾಹೇಬರು ಚಾಚಿದ ಕೈಗಳನ್ನು ನೋಡಿದರು, ಕಟ್ಟೆಯನ್ನು ನೋಡಿದರು. ಆಮೇಲೆ ಕೋಟಿನ ಕಿಸೆಯಿಂದ ತಮ್ಮ ಎಲೆ ಅಡಿಕೆ ಚಂಚಿ ತೆಗೆದು, ಒಂದೊಂದೇ ಯಾಲಕ್ಕಿ ಕಾಳನ್ನು ಮೂವತ್ತೂ ಅಂಗೈಗಳಿಗೆ ಹಾಕಿದರು. ಕೊನೆಯಲ್ಲಿ ಪೂಜಾರಿ ಅಜ್ಜನೂ ಬಂದು ಕೈ ಚಾಚಿದ. ಅವನಿಗೂ ಕೊಟ್ಟರು.

ನಂತರ, ತಪಾಸಣೆಗೆ ಬಂದವರು ಅಭಿಪ್ರಾಯ ಬರೆಯುವ ಶೇರಾ ಬುಕ್ಕು ತರಿಸಿಕೊಂಡು, ನನಗೆ ಕಾಣದ ಹಾಗೆ ಮೈ ಅಡ್ಡ ಮಾಡಿ ಬಹಳ ಹೊತ್ತು ಬರೆದರು. ಬುಕ್ಕು ಮುಚ್ಚಿ ನನ್ನ ಕೈಗೆ ಕೊಟ್ಟು ಟಾಂಗಾ ಹತ್ತಿದರು. ಟಾಂಗಾ ಕಣ್ಮರೆಯಾಗುವವರೆಗೂ ಬುಕ್ಕು ತೆರೆಯುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಟ್ರಂಕಿನ ಮೇಲೆ ಕೂತು ತೆರೆದೆ. ದುಂಡಾದ ಅಕ್ಷರದಲ್ಲಿ ಹೀಗೆ ಬರೆದಿತ್ತು:

"ಈ ಶಾಲೆಯ ಮಕ್ಕಳು ಚಿತ್ರದಲ್ಲಿ ಕಂಡದ್ದನ್ನೂ ಕಾಣದ್ದನ್ನೂ ನಿರ್ಭಯವಾಗಿ ಹೇಳುತ್ತಾರೆ. ಮಾಸ್ತರರನ್ನು ಕಾಯಂ ಮಾಡಲು ಅಡ್ಡಿಯಿಲ್ಲ. ಮುಂದಿನ ವರ್ಷದಿಂದ ಈ ಶಾಲೆಯ ತಪಾಸಣೆಗೆ ಬೇರೆ ಅಧಿಕಾರಿಯನ್ನು ಕಳಿಸತಕ್ಕದ್ದು."