ಇಬ್ಬರನ್ನು ಕೊಟ್ಟು ಒಬ್ಬರನ್ನು ತಂದದ್ದು

ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಿದ ಕೆಲಸವಲ್ಲ. ಸಾರು ಕುದಿ ಬರುವ ಮೊದಲೇ ಸೌಟಿಗೆ ಕೈ ಹಾಕುವವನು ನಾನು. ಹಿತ್ತಲಲ್ಲಿ ನೆಟ್ಟ ಕರಿಬೇವಿನ ಗಿಡ ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಆಗಾಗ ಕಿತ್ತು ನೋಡಿ, ಮತ್ತೆ ನೆಟ್ಟು, ಕೊನೆಗೆ ಅದು ನನ್ನ ಕಾಟ ತಾಳಲಾರದೆ ಒಣಗಿಹೋದ ಕಥೆಯನ್ನು ನನ್ನ ಹೆಂಡತಿ ಶಾರದೆ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಬಡಿಸುತ್ತಾಳೆ. ಅದರಲ್ಲಿ ಉತ್ಪ್ರೇಕ್ಷೆ ಇದೆ ಎಂದು ನಾನು ವಾದಿಸುವುದುಂಟು. ಗಿಡ ಒಣಗಿದ್ದು ನಿಜವಾದ್ದರಿಂದ ವಾದ ಹೆಚ್ಚು ದೂರ ಹೋಗುವುದಿಲ್ಲ. ಇಂಥವನ ಕೈಗೆ ಒಂದು ಆಟದ ತಂಡವನ್ನು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಶಿವಮೊಗ್ಗದ ನಮ್ಮ ಬಡಾವಣೆಯವರು ತೊಂಬತ್ತರ ದಶಕದ ಕೊನೆಯಲ್ಲಿ ಕಣ್ಣಾರೆ ಕಂಡರು.

ಆಗ ನಾವು ರವೀಂದ್ರನಗರದಲ್ಲಿ ಬಾಡಿಗೆಗಿದ್ದೆವು. ಮನೆಯಿಂದ ಎರಡು ರಸ್ತೆ ಆಚೆ ಒಂದು ಖಾಲಿ ಜಾಗವಿತ್ತು. ಅಲ್ಲಿ ಸಂಜೆ ಹೊತ್ತು ಬಾಲ್ ಬ್ಯಾಡ್ಮಿಂಟನ್ ನಡೆಯುತ್ತಿತ್ತು. ಹಳದಿ ಉಲ್ಲನ್ ಚೆಂಡು, ಒಂದೊಂದು ಕಡೆ ಐದೈದು ಜನ, ನಡುವೆ ಜೋಲುಬಿದ್ದ ನೆಟ್ಟು. ಬ್ಯಾಂಕಿನವರು, ಮೇಷ್ಟ್ರುಗಳು, ಅಂಗಡಿಯವರು ಎಲ್ಲ ಸೇರಿ ಕಟ್ಟಿಕೊಂಡ ತಂಡ ಅದು. ನಾನು ಅದರ ಮ್ಯಾನೇಜರ್. ಆಡಲು ನನಗೆ ಬರುತ್ತಿರಲಿಲ್ಲ. ಆದರೆ ನೆಟ್ಟು ನಮ್ಮ ಮನೆಯ ಅಟ್ಟದಲ್ಲಿ ಇರುತ್ತಿದ್ದುದರಿಂದ ನನ್ನನ್ನು ಬಿಟ್ಟು ಯಾರೂ ಆಡುವಂತಿರಲಿಲ್ಲ. ಪಂದ್ಯಾವಳಿ ಎಂದರೆ ಶಾಮಿಯಾನ ಹಾಕಿಸುವುದು, ಮೈಕಿನವನನ್ನು ಹಿಡಿದು ತರುವುದು, ಬಂದವರಿಗೆಲ್ಲ ಉಪ್ಪಿಟ್ಟು ಕಾಫಿ ಸಾಲುವಂತೆ ನೋಡಿಕೊಳ್ಳುವುದು, ಇವೆಲ್ಲ ನನಗೆ ನೀರು ಕುಡಿದಷ್ಟು ಸುಲಭ. ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪ್ರತಿ ವರ್ಷ ಬೇಸಿಗೆಗೆ ಮುಂಚೆ ಆ ಜಾಗದಲ್ಲೇ ಒಂದು ಪಂದ್ಯಾವಳಿ. ಪ್ರತಿ ವರ್ಷ ಫೈನಲ್ಲಿಗೆ ನಾವು ಬರುತ್ತಿದ್ದೆವು, ಭದ್ರಾವತಿಯ ಕಾರ್ಖಾನೆ ಕಾಲೊನಿಯ ತಂಡವೂ ಬರುತ್ತಿತ್ತು. ಕಪ್ಪು ಮಾತ್ರ ಅವರ ಜೊತೆ ಬಸ್ಸು ಹತ್ತಿ ಹೋಗುತ್ತಿತ್ತು. ಬೇರೆಯವರಾದರೆ ಸೋತು ಮರೆಯಬಹುದಿತ್ತು. ನನ್ನ ಕಷ್ಟ ಬೇರೆ. ಶಾರದೆಯ ತೌರು ಅದೇ ಕಾಲೊನಿ. ಕಾರ್ಖಾನೆಯಿಂದ ನಿವೃತ್ತರಾದ ನಮ್ಮ ಮಾವ ಫೈನಲ್ಲಿಗೆ ತಪ್ಪದೆ ಬಂದು, ಮುಂದಿನ ಸಾಲಿನಲ್ಲಿ ಕೂತು, ಅಳಿಯನ ತಂಡದ ಚೆಂಡು ನೆಟ್ಟಿಗೆ ಬಿದ್ದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ದೀಪಾವಳಿಗೆ ಹೋದರೆ ಹೊಸ ಶರಟಿನ ಬಟ್ಟೆ ಕೊಡುತ್ತ, "ಮೂರನೇ ಗೇಮಲ್ಲಿ ನಿಮ್ಮೋರು ಯಾಕೆ ಹಾಗೆ ಕುಸಿದ್ರು?" ಎಂದು ಕೇಳುತ್ತಿದ್ದರು. ಎಣ್ಣೆ ಹಚ್ಚಿಕೊಂಡು ಕೂತ ಮನುಷ್ಯ ಇಂಥ ಪ್ರಶ್ನೆಗೆ ಘನತೆಯಿಂದ ಉತ್ತರ ಕೊಡುವುದು ಸಾಧ್ಯವಿಲ್ಲ.

ಆ ವರ್ಷ ನಮ್ಮ ತಂಡಕ್ಕೆ ಇಬ್ಬರು ಹೊಸಬರು ಬಂದಿದ್ದರು. ಒಬ್ಬ ಹೊಳಲೂರಿನ ಮಂಜುನಾಥ. ಊರಲ್ಲಿ ಅಣ್ಣನ ಜೊತೆ ಬತ್ತದ ಗದ್ದೆ ನೋಡಿಕೊಂಡಿದ್ದು ಸಂಜೆ ಬಸ್ಸಿಗೆ ಆಡಲು ಬರುತ್ತಿದ್ದ ಉದ್ದನೆಯ ಯುವಕ. ಇನ್ನೊಬ್ಬ ಪಾತ್ರೆ ಅಂಗಡಿ ಇಟ್ಟಿದ್ದ ರಮೇಶ. ಮಂಜುನಾಥ ಹೊಡೆದ ಚೆಂಡು ಬಿರುಸಾಗಿ ಹೋಗುತ್ತಿತ್ತು, ಎಲ್ಲಿಗೆ ಎಂಬುದು ಮಾತ್ರ ಅವನ ಹಿಡಿತದಲ್ಲಿರಲಿಲ್ಲ. ಪಕ್ಕದ ವಕೀಲರ ಮನೆಯ ಕಾಂಪೌಂಡಿನೊಳಗೆ ಬಿದ್ದ ಚೆಂಡುಗಳನ್ನು ಅವರ ಮನೆಯವರು ಬುಟ್ಟಿಯಲ್ಲಿ ಕೂಡಿಟ್ಟು ವಾರಕ್ಕೊಮ್ಮೆ ಕೊಡುತ್ತಿದ್ದರು. ರಮೇಶ ನೆಟ್ಟಿನ ಹತ್ತಿರ ಮಿಂಚಿನ ಹಾಗೆ ಓಡಾಡುತ್ತಿದ್ದ, ಚೆಂಡು ಬಂದಾಗ ಮಾತ್ರ ಬೇರೆ ಕಡೆ ಇರುತ್ತಿದ್ದ. ಕಾಲೇಜಿನಲ್ಲಿ ಈ ಆಟ ಆಡಿದ್ದ ಶಾರದೆ ಒಂದು ಸಂಜೆ ಬಂದು ನೋಡಿ, "ಇಬ್ರೂ ಒಳ್ಳೆ ಆಟಗಾರರಾಗ್ತಾರೆ ಕಣ್ರೀ. ಎರಡು ವರ್ಷ ಬಿಡಿ," ಎಂದಳು.

ಎರಡು ವರ್ಷ ಎಂಬ ಮಾತು ನನ್ನ ಕಿವಿಗೆ ಎರಡು ದೀಪಾವಳಿ ಎಂದು ಕೇಳಿಸಿತು.

ನನ್ನ ಕಣ್ಣಿದ್ದದ್ದು ಭದ್ರಾವತಿಯ ಸತ್ಯಪ್ಪನವರ ಮೇಲೆ. ಕಾಲೊನಿ ತಂಡದ ಹಿಂಬದಿಯ ಆಟಗಾರ. ಅವರು 'ಕಟ್' ಹೊಡೆದರೆಂದರೆ ಚೆಂಡು ಗಿರಗಿರ ತಿರುಗುತ್ತ ಬಂದು, ಎದುರಾಳಿ ಬ್ಯಾಟು ಎತ್ತುವಷ್ಟರಲ್ಲಿ ಕಲ್ಲಿನ ಹಾಗೆ ಕೆಳಗೆ ಬೀಳುತ್ತಿತ್ತು. ಇಡೀ ಜಿಲ್ಲೆಯಲ್ಲಿ ಅವರನ್ನು 'ಗೋಡೆ ಸತ್ಯಣ್ಣ' ಎನ್ನುತ್ತಿದ್ದರು. ಇಂಥ ಗೋಡೆಯೊಂದು ನಮ್ಮ ಕಡೆ ಎದ್ದು ನಿಂತರೆ ಇನ್ನೇನು ಬೇಕು? ಒಂದು ತಂಡದ ಆಟಗಾರ ಇನ್ನೊಂದು ತಂಡಕ್ಕೆ ಆಡಬೇಕಾದರೆ ಇಬ್ಬರು ಮ್ಯಾನೇಜರುಗಳ ಒಪ್ಪಿಗೆ ಸಾಕಿತ್ತು. ಭಾನುವಾರ ಭದ್ರಾವತಿಯ ಬಸ್ಸು ಹತ್ತಿದೆ.

ಕಾಲೊನಿಯ ಮ್ಯಾನೇಜರ್ ಪೆರುಮಾಳ್ ಕಾರ್ಖಾನೆಯಲ್ಲಿ ಫಿಟ್ಟರ್. ಮನೆಮಾತು ತಮಿಳು, ಹುಟ್ಟಿದ್ದು ಭದ್ರಾವತಿ. ನನ್ನನ್ನು ಕೂರಿಸಿ, ಮುರುಕು, ಫಿಲ್ಟರ್ ಕಾಫಿ ಕೊಟ್ಟು, ನಾನು ಸುತ್ತಿ ಬಳಸಿ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ.

"ಸತ್ಯಣ್ಣ ಬೇಕಾ ಸಾರ್? ತಗೊಂಡು ಹೋಗಿ. ಅವರಿಗೂ ಚೇಂಜ್ ಆದಂಗೆ ಆಗತ್ತೆ," ಎಂದ.

ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮುರುಕು ಬಹಳ ಚೆನ್ನಾಗಿತ್ತು.

"ಬದ್ಲಿಗೆ ನಿಮ್ ಕಡೆ ಇಬ್ರು ಹೊಸ ಹುಡುಗ್ರು ಇದಾರಲ್ಲ ಸಾರ್, ಉದ್ದಕ್ಕಿರೋನು, ಓಡಾಡೋನು. ಅವರನ್ನ ಕೊಡಿ. ಹೆಂಗೂ ನಿಮಗೆ ತೊಂದ್ರೆ ಕೊಡ್ತಾವ್ರೆ."

ಇವನಿಗೆ ಎಂಥ ಬುದ್ಧಿಭ್ರಮಣೆ ಎಂದು ಒಳಗೊಳಗೇ ಹಿಗ್ಗಿ ಕೈಕುಲುಕಿದೆ. ಮಂಜುನಾಥ, ರಮೇಶರಿಗೆ ವಿಷಯ ನಾನೇ ತಿಳಿಸಬೇಕಿತ್ತು. ಅವರಿಗೆ ಬೇಜಾರಾಗುತ್ತದೆ ಎಂದು ಸಮಾಧಾನದ ನಾಲ್ಕು ಮಾತು ತಯಾರು ಮಾಡಿಕೊಂಡಿದ್ದೆ. ಮಂಜುನಾಥ, "ಅಲ್ಲಿ ಸಿಮೆಂಟ್ ಕೋರ್ಟಂತೆ, ಹೌದಾ ಸಾರ್?" ಎಂದು ಕಣ್ಣರಳಿಸಿ ಕೇಳಿದ. ನನ್ನ ಸಮಾಧಾನದ ಮಾತುಗಳನ್ನು ನಾನೇ ಬಳಸಿಕೊಳ್ಳಬೇಕಾಯಿತು.

ಶಾರದೆ ಅವತ್ತು ರಾತ್ರಿ ಊಟ ಬಡಿಸುವಾಗ ಒಂದೇ ಮಾತು ಹೇಳಿದಳು. "ಮತ್ತೆ ಗಿಡ ಕಿತ್ತಿರಲ್ಲ ಮಾರಾಯ್ರೆ."

ಪಂದ್ಯಾವಳಿಗೆ ಮುಂಚೆ ಕೆಲವು ವಾರ ಅಭ್ಯಾಸಕ್ಕೆಂದು ಸತ್ಯಣ್ಣ ನಮ್ಮ ಮನೆಯಲ್ಲೇ ಉಳಿಯುವುದೆಂದಾಯಿತು. ಅವರು ಕೆಲಸದಿಂದ ಸ್ವಯಂನಿವೃತ್ತಿ ತೆಗೆದುಕೊಂಡಿದ್ದರು. ಅವರ ಹೆಂಡತಿ ಮಗಳ ಬಾಣಂತನಕ್ಕೆಂದು ದಾವಣಗೆರೆಗೆ ಹೋಗಿದ್ದರು. ಆಟೋದಿಂದ ಇಳಿದ ಸತ್ಯಣ್ಣನನ್ನು ಹಗಲು ಬೆಳಕಿನಲ್ಲಿ, ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಗೋಡೆ ಎಂಬ ಹೆಸರು ಎಲ್ಲ ದೃಷ್ಟಿಯಿಂದಲೂ ಸರಿಯಾಗಿತ್ತು. ಅಗಲವಾಗಿದ್ದರು, ಗಟ್ಟಿಯಾಗಿದ್ದರು, ಇದ್ದಲ್ಲಿಂದ ಅಲ್ಲಾಡುತ್ತಿರಲಿಲ್ಲ. ಎರಡು ಮೆಟ್ಟಿಲು ಹತ್ತಿ ಒಳಗೆ ಬಂದು ಕುರ್ಚಿಯಲ್ಲಿ ಕೂತು, "ಮಂಡಿ ಸ್ವಲ್ಪ ಮಾತಾಡ್ತದೆ," ಎಂದರು.

ಆ ಮಂಡಿಗಳು ಸ್ವಲ್ಪವಲ್ಲ, ಬಹಳ ಮಾತಾಡುತ್ತಿದ್ದವು. ಬೆಳಿಗ್ಗೆ ಅವಕ್ಕೆ ಬಿಸಿನೀರಿನ ಶಾಖ, ಸಂಜೆ ಎಣ್ಣೆ. ಆ ಎಣ್ಣೆಯ ವಾಸನೆ ನನ್ನ ಆಫೀಸಿನ ಶರಟಿಗೂ ಹತ್ತಿ, ಪಕ್ಕದ ಮೇಜಿನವರು ಬಾಯಿಬಿಟ್ಟು ಕೇಳದೆ ಕಿಟಕಿ ತೆರೆಯತೊಡಗಿದರು. ನಮ್ಮ ಬಚ್ಚಲಮನೆಯಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಹಂಡೆ ಖಾಲಿ. ಇದನ್ನೆಲ್ಲ ಶಾರದೆಯ ಹತ್ತಿರ ತೋಡಿಕೊಳ್ಳೋಣವೆಂದರೆ ಅಲ್ಲಿ ಇನ್ನೊಂದು ಆಶ್ಚರ್ಯ ಕಾದಿತ್ತು. ಆಟಗಾರರ ಅದಲುಬದಲಿಯನ್ನು ಮೆಚ್ಚದಿದ್ದವಳು, ಸತ್ಯಣ್ಣ ಬಂದ ಗಳಿಗೆಯಿಂದ ಸಡಗರದಲ್ಲಿ ಓಡಾಡುತ್ತಿದ್ದಳು.

"ನಾವು ಸ್ಕೂಲಲ್ಲಿರುವಾಗ ಇವರ ಆಟ ನೋಡೋಕೆ ಇಡೀ ಕಾಲೊನಿ ಹೋಗ್ತಿತ್ತು ಗೊತ್ತಾ?" ಎಂದಳು. "ಗೋಡೆ ಹತ್ತಿ ಕೂತು ನೋಡಿದೀನಿ ನಾನು. ಅಂಥೋರು ನಮ್ಮನೇಲಿ ಊಟ ಮಾಡ್ತಿದಾರೆ ಅಂದ್ರೆ ನಂಬೋಕೇ ಆಗ್ತಿಲ್ಲ."

ನಂಬಿಕೆ ಬರಲೆಂದೋ ಏನೋ, ಅವಳು ಅವರಿಗೆ ದಿನವೂ ಬಡಿಸಿದ್ದೇ ಬಡಿಸಿದ್ದು. ಸೋಮವಾರ ನುಚ್ಚಿನುಂಡೆ, ಮಂಗಳವಾರ ಅಕ್ಕಿರೊಟ್ಟಿ ಎಣ್ಣೆಗಾಯಿ, ಬುಧವಾರ ಹೋಳಿಗೆಗೆ ಕಾರಣವೇ ಬೇಕಿರಲಿಲ್ಲ. ಮದುವೆಯಾದ ಮೇಲೆ ನಾನು ಹಬ್ಬಕ್ಕೆ ಮಾತ್ರ ಕಂಡಿದ್ದ ತುಪ್ಪದ ಬಟ್ಟಲು ಈಗ ದಿನವೂ ಹೊರಗೆ ಬಂತು, ಆದರೆ ನನ್ನ ಎಲೆಗಿಂತ ಒಂದು ಎಲೆ ಆಚೆಗೆ ನಿಂತಿತು. ಗೋಡೆ ದಿನದಿಂದ ದಿನಕ್ಕೆ ದಪ್ಪವಾಯಿತು.

ಅಂಕಣದಲ್ಲಿ ಸತ್ಯಣ್ಣ ಓಡುತ್ತಿರಲಿಲ್ಲ. ಚೆಂಡು ಅವರಿದ್ದಲ್ಲಿಗೆ ಬಂದರೆ ಅದ್ಭುತ. ಅವರ ಮಣಿಕಟ್ಟು ಒಂದಿಷ್ಟು ತಿರುಗಿದರೆ ಸಾಕು, ಎದುರಿನವರು ಬ್ಯಾಟು ಹಿಡಿದು ಬೊಂಬೆಗಳ ಹಾಗೆ ನಿಂತುಬಿಡುತ್ತಿದ್ದರು. ಚೆಂಡು ನಾಲ್ಕು ಹೆಜ್ಜೆ ಆಚೆ ಬಂದರೆ, ಅದನ್ನು ಅವರು ನೆಂಟರನ್ನು ಬೀಳ್ಕೊಡುವ ಹಾಗೆ ಪ್ರೀತಿಯಿಂದ ನೋಡಿ ಬಿಟ್ಟುಬಿಡುತ್ತಿದ್ದರು. "ಅದು ಔಟ್ ಹೋಗ್ತಿತ್ತು," ಎಂದು ಬಾಕಿಯವರಿಗೆ ಸಮಾಧಾನ ಹೇಳುತ್ತಿದ್ದರು. ಚೆಂಡು ಗೆರೆಯ ಒಳಗೇ ಬಿದ್ದಿರುತ್ತಿತ್ತು. ಆದರೆ ಅಭ್ಯಾಸ ಮುಗಿದ ಮೇಲೆ ಬಡಾವಣೆಯವರೆಲ್ಲ ಅವರ ಸುತ್ತ ಸೇರಿ ಕೂರುತ್ತಿದ್ದರು. ಬ್ಯಾಟು ಹಿಡಿಯುವುದು ಹೇಗೆ, ಗಾಳಿ ನೋಡಿ ಹೊಡೆಯುವುದು ಹೇಗೆ ಎಂದು ಅವರು ಕೇಳಿದವರಿಗೆಲ್ಲ ಹೇಳಿಕೊಡುತ್ತಿದ್ದರು. ಬ್ಯಾಂಕಿನ ಕ್ಯಾಷಿಯರ್ ಒಬ್ಬರು, ಹತ್ತು ವರ್ಷ ಬಗ್ಗದಿದ್ದವರು, ಬಗ್ಗಿ ಆಡತೊಡಗಿದರು. ನನಗೆ ಅದು ಯಾವುದೂ ಕಾಣಲಿಲ್ಲ. ನನಗೆ ಕಪ್ಪು ಬೇಕಿತ್ತು.

ಫೈನಲ್ಲಿಗೆ ಎಂದಿನಂತೆ ನಾವೂ ಅವರೂ. ಎಂದಿನಂತೆ ಮಾವ ಮುಂದಿನ ಸಾಲಿನಲ್ಲಿ. ಆಚೆ ಕಡೆ ಮಂಜುನಾಥ, ರಮೇಶ ಕಾಲೊನಿಯ ಹೊಸ ಬನಿಯನ್ನು ಹಾಕಿಕೊಂಡು ನಿಂತಿದ್ದರು. ನನ್ನನ್ನು ಕಂಡು ಕೈಬೀಸಿದರು. ಪೆರುಮಾಳ್ ಅವರಿಗೆ ಏನು ಮಾಡಿದ್ದನೋ, ಚೆಂಡು ಈಗ ವಕೀಲರ ಕಾಂಪೌಂಡಿಗೆ ಹೋಗಲಿಲ್ಲ. ಮಂಜುನಾಥ ಹೊಡೆದದ್ದು ನಮ್ಮ ಅಂಕಣದ ಮೂಲೆಗೆ ಬಂದು ಬೀಳತೊಡಗಿತು. ಒಂದು ಗೇಮು ಅವರದಾಯಿತು. ಇನ್ನೊಂದನ್ನು ಸತ್ಯಣ್ಣನ 'ಕಟ್'ಗಳ ಬಲದಿಂದ ನಾವು ಗೆದ್ದೆವು. ನಾನು ಮಾವನ ಕಡೆ ತಿರುಗಿ ಒಮ್ಮೆ ಚಪ್ಪಾಳೆ ತಟ್ಟಿದೆ. ಅಷ್ಟು ವರ್ಷದ ದಾಹ.

ಮೂರನೆಯದರಲ್ಲಿ ಒಂದು ವಿಚಿತ್ರ ಕಂಡೆ. ಮಂಜುನಾಥನ ಹೊಡೆತವೊಂದು ನೆಟ್ಟಿಗೆ ಬಿತ್ತು. ನಮಗೆ ಪಾಯಿಂಟು. ನಾವು ಕುಣಿಯುತ್ತಿದ್ದರೆ ಸತ್ಯಣ್ಣ ಅಲ್ಲಿಂದಲೇ ಕೂಗಿದರು. "ಮಂಜಾ, ಕೈ ಬಿಗಿ ಹಿಡೀಬೇಡ. ಮಣಿಕಟ್ಟು ಸಡಿಲ ಬಿಡು."

ನಾನು ಗೆರೆಯ ಆಚೆಯಿಂದ, "ಸತ್ಯಣ್ಣ, ಅವನು ಆ ಕಡೆಯೋನು," ಎಂದೆ.

"ಗೊತ್ತಿದೆ ಮಾರಾಯ್ರೆ. ತಪ್ಪು ಹೊಡೀತಿದ್ರೆ ನೋಡ್ಕೊಂಡು ಹೇಗಿರೋದು?" ಎಂದರು.

ಮಂಜುನಾಥ ಮಣಿಕಟ್ಟು ಸಡಿಲ ಬಿಟ್ಟ. ಮುಂದಿನ ಪಾಯಿಂಟುಗಳು ಯಾರ ಪಾಲಾದವು ಎಂದು ಹೇಳಬೇಕಾಗಿಲ್ಲ.

ಕೊನೆಯ ಪಾಯಿಂಟಿನ ಆಟ ಮಾತ್ರ ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ. ಚೆಂಡು ನೆಲ ಮುಟ್ಟಲೇ ಇಲ್ಲ. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಮೈಕಿನವನು ಮಾತು ನಿಲ್ಲಿಸಿದ, ಕಾಫಿ ಹಂಚುತ್ತಿದ್ದವರು ತಟ್ಟೆ ಹಿಡಿದೇ ನಿಂತರು. ಕ್ಯಾಷಿಯರು ಬಗ್ಗಿ ಒಂದನ್ನು ಎತ್ತಿದರು, ರಮೇಶ ಹಾರಿ ಇನ್ನೊಂದನ್ನು ತಡೆದ. ಕೊನೆಗೆ ಮಂಜುನಾಥ ಸತ್ಯಣ್ಣನಿಂದ ದೂರದ ಮೂಲೆಗೆ ಒಂದು ಕಟ್ ಹೊಡೆದ. ಗಿರಗಿರ ತಿರುಗುವ, ಅಚ್ಚು ಸತ್ಯಣ್ಣನದೇ ಕಟ್. ಆಗ ಗೋಡೆ ಓಡಿತು. ಸತ್ಯಣ್ಣ ಓಡುವುದನ್ನು ನಾನು ಕಂಡದ್ದು ಅದೊಂದೇ ಸಲ. ಮಂಡಿ ಮರೆತು, ನಮ್ಮ ಮನೆಯ ಹೋಳಿಗೆಯನ್ನೆಲ್ಲ ಹೊತ್ತುಕೊಂಡು ಓಡಿ, ಚಾಚಿ ಬಿದ್ದರು. ಬ್ಯಾಟಿನ ತುದಿ ಚೆಂಡಿಗೆ ತಾಗಿತು. ಚೆಂಡು ಮೇಲೆದ್ದು, ನೆಟ್ಟಿನ ಹಗ್ಗದ ಮೇಲೆ ಒಂದು ಕ್ಷಣ ಕೂತು, ನಮ್ಮ ಕಡೆಗೇ ಬಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಬಿದ್ದವರನ್ನು ನೋಡುತ್ತಿದ್ದರು. ಸತ್ಯಣ್ಣ ಮಣ್ಣಿನಲ್ಲಿ ಮಲಗಿದ್ದಲ್ಲೇ ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಮಂಜುನಾಥ ನೆಟ್ಟಿನಡಿ ನುಸುಳಿ ಬಂದು ಕೈಹಿಡಿದು ಎತ್ತಿದ. "ಇದನ್ನ ಯಾವಾಗ ಕಲಿತ್ಯೋ?" ಎಂದು ಸತ್ಯಣ್ಣ ಕೇಳಿದರೆ, "ಹೋದ ವರ್ಷ ಫೈನಲ್ ನೋಡೋಕೆ ಬಂದಿದ್ದೆ, ಆಗ ಕೂತು ನಿಮ್ಮನ್ನೇ ನೋಡ್ತಿದ್ದೆ," ಎಂದ. ಆಮೇಲೆ ಎದ್ದ ಚಪ್ಪಾಳೆ ಯಾವ ತಂಡಕ್ಕೆ ಎಂದು ಹೇಳುವುದು ಕಷ್ಟ. ಶಾರದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಾವ ಎದ್ದು ನಿಂತಿದ್ದರು. ಸೋತ ತಂಡದ ಮ್ಯಾನೇಜರ್ ಆದ ನಾನೂ ಕೈ ನೋಯುವಷ್ಟು ತಟ್ಟುತ್ತಿದ್ದೆ ಎಂಬುದು ನನಗೆ ಗೊತ್ತಾದದ್ದು ಶಾರದೆ ಮೊಳಕೈಯಿಂದ ತಿವಿದಾಗ.

ಸತ್ಯಣ್ಣನಿಗೆ ನಮ್ಮ ಬಡಾವಣೆ ಹಿಡಿಸಿಬಿಟ್ಟಿತು. ಹೆಂಡತಿ ದಾವಣಗೆರೆಯಿಂದ ವಾಪಸಾದ ಮೇಲೆ ಇಬ್ಬರೂ ನಮ್ಮ ಹಿಂದಿನ ರಸ್ತೆಗೇ ಬಾಡಿಗೆಗೆ ಬಂದರು. ಅವರು ಆಡುವುದು ಬಿಟ್ಟು ಕಲಿಸಲು ನಿಂತರು. ಅಂಕಣದಲ್ಲಿ ಹೊಸ ಮುಖಗಳು ತುಂಬಿದವು. ಮರುವರ್ಷದ ಹೊತ್ತಿಗೆ ಮಂಜುನಾಥನಿಗೂ ಶಿವಮೊಗ್ಗದಲ್ಲೇ ಕೆಲಸ ಸಿಕ್ಕಿ, ಅವನಿಗೆ ನಮ್ಮ ತಂಡಕ್ಕೆ ಮರಳುವ ಮನಸ್ಸಾಯಿತು. ಪೆರುಮಾಳ್ ನಮ್ಮ ಮನೆಗೇ ಬಂದ. ಈ ಸಲ ಮಾತುಕತೆಗೆ ಸತ್ಯಣ್ಣ ಕೂತರು. ಶಾರದೆಯೂ ಕೂತಳು. ನನಗೆ ಕಾಫಿ ತರಲು ಹೇಳಿದರು.

ನಾನು ಲೋಟಗಳನ್ನು ಹಿಡಿದು ಬರುವಷ್ಟರಲ್ಲಿ ವ್ಯಾಪಾರ ಕುದುರಿತ್ತು. "ಮಂಜನ್ನ ಬಿಟ್ಕೊಡ್ತಾರಂತೆ," ಎಂದರು ಸತ್ಯಣ್ಣ, ನನ್ನ ಮುಖ ನೋಡದೆ.

"ಬದ್ಲಿಗೆ ಯಾರು ಬೇಕಂತೆ?"

ಪೆರುಮಾಳ್ ಕಾಫಿ ಊದಿಕೊಂಡು ಕುಡಿದು, ಬಹಳ ಗೌರವದಿಂದ ಹೇಳಿದ. "ನೀವೇ ಸಾರ್. ನಮ್ಮಲ್ಲಿ ಆಟ ಆಡೋರು ಬೇಕಾದಷ್ಟು ಇದಾರೆ. ಮೈಕು, ಶಾಮಿಯಾನ, ಉಪ್ಪಿಟ್ಟು ನಿಮ್ಮಂಗೆ ಮಾಡ್ಸೋರು ಇಲ್ಲ. ನಿಮಗೆ ಎಷ್ಟು ಎಕ್ಸ್‌ಪೀರಿಯನ್ಸು."

ಶಾರದೆಯ ಕಡೆ ನೋಡಿದೆ. ನನ್ನನ್ನು ಬಿಟ್ಟುಕೊಡಲು ಅವಳಿಗಾದರೂ ಸ್ವಲ್ಪ ಸಂಕಟವಾಗಿರಬಹುದೆಂದು ಆಸೆ. "ಭಾನುವಾರ ತಾನೇ, ಹೋಗ್ಬನ್ನಿ," ಎಂದಳು. "ಮಂಜುನಾಥ ಎಲ್ಲಿ, ನೀವೆಲ್ಲಿ? ನಮಗೆ ಲಾಭ."

ಆಗಿನಿಂದ ಭಾನುವಾರ ಭಾನುವಾರ ಭದ್ರಾವತಿಯ ಬಸ್ಸು ಹತ್ತುತ್ತಿದ್ದೇನೆ. ಕಾಲೊನಿಯ ಪಂದ್ಯಾವಳಿಯ ಉಪ್ಪಿಟ್ಟಿನಂಥದ್ದು ಜಿಲ್ಲೆಯ ಬೇರೆಲ್ಲೂ ತಿನ್ನಲು ಸಿಗುವುದಿಲ್ಲ ಎಂದು ನಮ್ಮ ಮಾವನೇ ಮೈಕಿನಲ್ಲಿ ಹೇಳಿದ್ದಾರೆ. ಪೆರುಮಾಳ್ ನನಗೆ ಒಂದು ಮರದ ಕುರ್ಚಿ, ಒಂದು ಸೀಟಿ, ಬೆನ್ನ ಮೇಲೆ ಹೆಸರಿರುವ ಬನಿಯನ್ನು ಕೊಟ್ಟಿದ್ದಾನೆ. ಎಲ್ಲ ಅಧಿಕಾರವೂ ನನ್ನದೇ. ಯಾವ ಆಟಗಾರನನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ಮಾತು ಬಂದಾಗ ಮಾತ್ರ, "ಸಾರ್, ಕಾಫಿ ಏನಾಯ್ತು ಅಂತ ಸ್ವಲ್ಪ ನೋಡ್ತೀರಾ?" ಎನ್ನುತ್ತಾನೆ. ನಾನು ಎದ್ದು ಹೋಗಿ ನೋಡುತ್ತೇನೆ. ಅದು ಇನ್ನೂ ಕುದಿ ಬಂದಿರುವುದಿಲ್ಲ.