ಬಚ್ಚಲಿನ ದೀಪ ಮತ್ತು ಅತ್ತೆಯ ಮಡಿ

"ಆಗಸ್ಟ್ ೯. ಬಚ್ಚಲಿನ ಸ್ವಿಚ್ಚು ಮತ್ತೆ ಶಾಕ್ ಹೊಡೆಯಿತು. ಈ ಸಲ ನಮ್ಮ ಮನೆಯವರಿಗೆ." ಇದು ನನ್ನ ಹಳೆಯ ಡೈರಿಯ ಸಾಲು. ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಾನು ಫಿಸಿಕ್ಸ್ ಓದಿ ಬಿ.ಎಸ್ಸಿ. ಮಾಡಿದವಳು, ಆದದ್ದನ್ನೆಲ್ಲ ಬರೆದಿಡುತ್ತೇನೆ. ಕಣ್ಣಿಗೆ ಕಾಣದ ಶಕ್ತಿಯೊಂದು ತೆಳ್ಳನೆಯ ತಂತಿಯೊಳಗೆ ಕೂತು ಇಡೀ ಮನೆಯನ್ನು ಕುಣಿಸುವುದು ನನಗೆ ಇವತ್ತಿಗೂ ಬೆರಗು.

೧. ಲಟ್ಟಣಿಗೆ

ಬಚ್ಚಲಿಗೆ ಹೋಗುವವರು ರಬ್ಬರ್ ಚಪ್ಪಲಿ ಮೆಟ್ಟಿ, ಲಟ್ಟಣಿಗೆಯ ತುದಿಯಿಂದ ಸ್ವಿಚ್ ಒತ್ತಬೇಕು ಎಂಬುದು ಮನೆಯ ಕಾನೂನಾಗಿತ್ತು. ರಾಯಚೂರಿನಿಂದ ಬಂದ ಬೀಗರು ಸ್ನಾನ ಮುಗಿಸಿ ಬಂದು ಪಿಸುಗುಟ್ಟಿದರು: "ಬಚ್ಚಲದಾಗ ಚಪಾತಿ ಲಟ್ಟಸ್ತೀರೇನ್ರಿ?"

"ಇಲ್ರಿ, ಅದು ಕರೆಂಟಿಗೆ."

ಊಟಕ್ಕೆ ಕೂತಾಗ ಅವರು ಚಪಾತಿ ಬೇಡ, ಅನ್ನವೇ ಸಾಕು ಎಂದರು.

ಕಾನೂನಿಗೆ ಬಗ್ಗದವರು ಎಂಬತ್ತು ದಾಟಿದ ನನ್ನ ಅತ್ತೆ ಒಬ್ಬರೇ. "ಮಡಿಯಾಗ ಚಪ್ಪಲಿ ಮೆಟ್ಟಂಗಿಲ್ಲ, ಮೈಲಿಗಿ ಲಟ್ಟಣಗಿ ಮುಟ್ಟಂಗಿಲ್ಲ" ಎಂದು ಬರಿಗಾಲಲ್ಲಿ, ಒದ್ದೆ ಸೀರೆಯಲ್ಲಿ, ಒದ್ದೆ ಕೈಯಿಂದಲೇ ಸ್ವಿಚ್ ಮುಟ್ಟುವರು. ಬೆಳಗಿನ ಜಾವ ನಾನು ಹಾಸಿಗೆಯಲ್ಲೇ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದೆ. ತಂಬಿಗೆಯ ಸದ್ದು ಬಂದರೆ ಅತ್ತೆ ಕ್ಷೇಮ.

೨. ಉಪ್ಪು, ಇದ್ದಿಲು

ಹೀಗೇ ಬಿಟ್ಟರೆ ಒಂದು ದಿನ ಅನಾಹುತವೆಂದು ಕಲಬುರಗಿ ಕಡೆಯ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಅವನು ಸೋರುವ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಮಾಡಲು ಅಂಗಳದಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ಸುರಿದು ನೀರು ಹಾಕಿದ. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅತ್ತೆ ಒಳಗೆ ಹೋಗಿ ಒಣಮೆಣಸಿನಕಾಯಿ, ಹೆಚ್ಚಿದ ನಿಂಬೆಹಣ್ಣು ತಂದು ಗುಂಡಿಗೆ ಹಾಕಿದರು.

"ನೀ ಮರ್ತಿದ್ದಿ ತಮ್ಮಾ. ಇವು ಇಲ್ಲಂದ್ರ ದೃಷ್ಟಿ ಹೋಗಂಗಿಲ್ಲ."

ಅವನು ನನ್ನ ಮುಖ ನೋಡಿದ. "ಇರ್ಲಿ ಬಿಡ್ರಿ ಅಮ್ಮಾರ, ನಿಂಬಿಹಣ್ಣಿನ್ಯಾಗೂ ಕರೆಂಟ್ ಹರೀತೈತಿ."

ನನ್ನ ಫಿಸಿಕ್ಸ್ ಅದನ್ನು ಅಲ್ಲಗಳೆಯಲಿಲ್ಲ.

೩. ಬಟನ್

ಆಮೇಲೆ ಬ್ರೇಕರ್ ಬಂತು. ಮೈಗೆ ಚೂರು ಕರೆಂಟ್ ಹರಿದರೂ ರೆಪ್ಪೆ ಬಡಿಯುವುದರೊಳಗೆ ಇಡೀ ಮನೆಯ ಲೈನ್ ಕಡಿಯುತ್ತದಂತೆ. ಪರೀಕ್ಷೆಗೆಂದು ಅದರಲ್ಲಿ ಒಂದು ಬಟನ್, ಒತ್ತಿದರೂ ಮಹಡಿ ಸೇರಿ ಇಡೀ ಮನೆಯ ಕರೆಂಟ್ ಹೋಗುತ್ತದೆ. ರೈಲ್ವೆಯಿಂದ ನಿವೃತ್ತರಾದ ಮನೆಯವರಿಗೆ ಮತ್ತೆ ಸಿಗ್ನಲ್ ಕೈಗೆ ಸಿಕ್ಕಂತಾಯಿತು. ಬಂದವರಿಗೆಲ್ಲ ಒತ್ತಿ ತೋರಿಸಿದರು. ಗಚ್ಚಿಬೌಲಿಯ ಆಫೀಸಿನ ಕೆಲಸವನ್ನು ಮನೆಯಲ್ಲೇ ಕೂತು ಮಾಡುವ ಮಹಡಿಯ ಬಾಡಿಗೆಯವಳು ಇಳಿದು ಬಂದಳು.

"ಅಂಕಲ್, ಮೀಟಿಂಗ್‌ನ್ಯಾಗ ಎಲ್ಲಾರೂ ನಾ ಸತ್ತೆ ಅಂತ ತಿಳ್ಕೊಂಡಾರ್ರಿ."

"ಸಾಯಬಾರ್ದಂತನ ಇದನ್ನ ಹಾಕ್ಸೇವಮ್ಮಾ" ಎಂದು ಮತ್ತೊಮ್ಮೆ ಒತ್ತಿದರು.

೪. ಮಡಿ

ಬಚ್ಚಲಿನ ಗೋಡೆಯ ಬಲ್ಬನ್ನು ಮಾತ್ರ ಇನ್ನೂ ಬದಲಿಸಿರಲಿಲ್ಲ. ಒಂದು ಬೆಳಗಿನ ಜಾವ ಅದು ಮಿಣುಕಿತು. ಅತ್ತೆ ಒದ್ದೆ ಕೈಯಿಂದ ಬಿಗಿ ಮಾಡಲು ಹೋಗಿ, ಒಡೆದ ಹೋಲ್ಡರಿನೊಳಗೆ ಬೆರಳಿಟ್ಟರು.

ಟಕ್ ಎಂದಿತು. ಫ್ಯಾನು ನಿಂತಿತು, ಮನೆಯೆಲ್ಲ ಕತ್ತಲು. ತಂಬಿಗೆಯ ಸದ್ದಿಲ್ಲ. ನಾನೂ ಮನೆಯವರೂ ಗೋಡೆ ತಡವುತ್ತ ಓಡಿದೆವು. ಟಾರ್ಚಿನ ಬೆಳಕಿನಲ್ಲಿ ಅತ್ತೆ ಬಚ್ಚಲಿನ ಬಾಗಿಲಲ್ಲಿ ನೆಟ್ಟಗೆ ನಿಂತು ತಮ್ಮ ಬೆರಳನ್ನೇ ಭಕ್ತಿಯಿಂದ ನೋಡುತ್ತಿದ್ದರು.

"ಮುಟ್ಟಬ್ಯಾಡ್ರಿ ನನ್ನ" ಎಂದರು. "ನನ್ನ ಮಡಿ ತಡೀಲಾರ್ದ ಕರೆಂಟ್ ಮನೀ ಬಿಟ್ಟ ಓಡಿಹೋತು."

ಮನೆಯವರು ಅಲ್ಲಿಂದಲೇ ಬ್ರೇಕರಿನ ಕಡೆ ತಿರುಗಿ ಕೈಮುಗಿದರು. ತಮಗೇ ಮುಗಿದರೆಂದುಕೊಂಡು ಅತ್ತೆ, "ಛಲೋ ಆಗ್ಲಿ" ಎಂದು ಹರಸಿದರು.

ಬ್ರೇಕರ್, ಅರ್ತಿಂಗ್, ನೀರು ಇಳಿಯದ ಹೊಸ ದೀಪ, ಕೂಲಿ ಸೇರಿ ಒಟ್ಟು ಖರ್ಚು ಒಂಬತ್ತು ಸಾವಿರದ ಆರುನೂರು ರೂಪಾಯಿ. ಅತ್ತೆಯವರ ಒಂದು ಬೆರಳು ಮಧ್ಯಾಹ್ನದ ತನಕ ಜುಮುಗುಟ್ಟಿತು, ಅಷ್ಟೇ.